ಕೋಟೆಯೊಳಗಿನ ಮನೆಗಳು



ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೊರಡುವ ಬೈಕು, ಕಾರುಗಳಿಗೆ ಲೆಕ್ಕವಿಲ್ಲ. ಸೂರ್ಯ ಹುಟ್ಟುವುದನ್ನು ನೋಡಿ, ದಾರಿಯಲ್ಲಿ ತಿಂಡಿ ತಿಂದು, ಹತ್ತು ಗಂಟೆಯ ಹೊತ್ತಿಗೆಲ್ಲ ಜನ ಬಂದ ದಾರಿಯಲ್ಲೇ ವಾಪಸಾಗುತ್ತಾರೆ. ಹೋಗುವಾಗಲೂ ಬರುವಾಗಲೂ ದೇವನಹಳ್ಳಿ ಅವರ ಪಕ್ಕದಲ್ಲೇ ಇರುತ್ತದೆ. ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ ಊರು ಕಣ್ಣಿಗೆ ಬೀಳುವುದಿಲ್ಲ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ದೇವನಹಳ್ಳಿ ಎಂದರೆ ವಿಮಾನ ಹತ್ತುವ ಜಾಗ ಎಂದೇ ಎಷ್ಟೋ ಜನ ತಿಳಿದಿದ್ದಾರೆ. ಇವತ್ತು ನಾನು ನಿಮ್ಮನ್ನು ಹೆದ್ದಾರಿಯಿಂದ ಒಳಕ್ಕೆ ತಿರುಗಿಸಿಕೊಂಡು ಊರೊಳಗೆ ಕರೆದೊಯ್ಯಬೇಕೆಂದಿದ್ದೇನೆ. ಕೋಟೆ ನೋಡೋಣ, ದೇವಸ್ಥಾನ ನೋಡೋಣ. ಆದರೆ ಮುಖ್ಯವಾಗಿ ಕೋಟೆಯ ಒಳಗಿರುವ ಹಳೆಯ ಮನೆಗಳನ್ನು ನೋಡೋಣ.

ಪೇಟೆಯ ರಸ್ತೆಯಲ್ಲಿ ಬಂದರೆ ಕೋಟೆಯ ಪೂರ್ವದ ಬಾಗಿಲು ಎದುರಾಗುತ್ತದೆ. ದೊಡ್ಡ ದೊಡ್ಡ ದುರ್ಗಗಳನ್ನು ನೋಡಿ ಬಂದವರಿಗೆ ಇದು ಚಿಕ್ಕದೆನ್ನಿಸಬಹುದು. ಒಳಗಿರುವುದು ಸುಮಾರು 20 ಎಕರೆ ನೆಲ. ಅಂಡಾಕಾರದ ಗೋಡೆ, ಅದರ ಉದ್ದಕ್ಕೂ ಅರ್ಧಚಂದ್ರಾಕಾರದ 12 ಕೊತ್ತಲಗಳು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಬಾಗಿಲು. ಗೋಡೆಗೆ ಕೆಲಸ ಮಾಡಿ ಕೂರಿಸಿದ ಕಲ್ಲು. ಕೊತ್ತಲಗಳ ಮೇಲೆ ಇಟ್ಟಿಗೆ ಮತ್ತು ಗಾರೆಯಲ್ಲಿ ಕಟ್ಟಿದ ಬಂದೂಕಿನ ಕಿಂಡಿಗಳು. ಬಾಗಿಲ ಮೇಲೆ ಗಾರೆಯಲ್ಲೇ ತೆಗೆದ ಅಲಂಕಾರ. ಒಳಕ್ಕೆ ಹೋಗುವ ಮೊದಲು ಅಲ್ಲಿ ಸ್ವಲ್ಪ ನಿಂತು ಗೋಡೆಯ ಮೇಲೆ ಕೈಯಿಡಿ. ಕಲ್ಲು, ಇಟ್ಟಿಗೆ, ಸುಣ್ಣ ಈ ಮೂರೇ ಸಾಮಾನುಗಳಿಂದ ಈ ಸೀಮೆಯ ಅರಮನೆಯೂ ಆಯಿತು, ಗುಡಿಯೂ ಆಯಿತು, ಮಸೀದಿಯೂ ಆಯಿತು. ಒಳಗೆ ನಾವು ನೋಡಹೋಗುವ ಮನೆಗಳೂ ಬಹುಮಟ್ಟಿಗೆ ಇವುಗಳಿಂದಲೇ ಆದವು, ಜೊತೆಗೆ ಮಣ್ಣು ಮತ್ತು ಮರ.

1501ರಲ್ಲಿ ಇಲ್ಲಿ ಮೊದಲು ಕೋಟೆ ಕಟ್ಟಿಸಿದವನು ಆವತಿ ಮನೆತನದ ಮಲ್ಲಬೈರೇಗೌಡ. ಆವತಿ ಇಲ್ಲಿಂದ ಉತ್ತರಕ್ಕೆ, ಚಿಕ್ಕಬಳ್ಳಾಪುರದ ದಾರಿಯಲ್ಲಿ ಸಿಗುವ ಹಳ್ಳಿ. ಕಂಚಿಯ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತ ಮೊರಸು ಒಕ್ಕಲು ಅಣ್ಣತಮ್ಮಂದಿರ ಕಥೆಯನ್ನು ಈ ಕಡೆ ಈಗಲೂ ಹೇಳುತ್ತಾರೆ. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶವೂ ಅದೇ ಮೂಲದ್ದು. ಆಗ ಈ ಊರಿನ ಹೆಸರು ದೇವನದೊಡ್ಡಿ, ಕೋಟೆ ಮಣ್ಣಿನದು. ಸುಮಾರು ಎರಡೂವರೆ ಶತಮಾನ ಆ ಪಾಳೇಗಾರರ ಕೈಯಲ್ಲಿದ್ದ ಕೋಟೆಯನ್ನು ಹದಿನೆಂಟನೇ ಶತಮಾನದ ನಡುವಿನಲ್ಲಿ ಮೈಸೂರಿನ ಸೈನ್ಯ ನಂಜರಾಜಯ್ಯನ ಮುಂದಾಳತ್ವದಲ್ಲಿ ಮುತ್ತಿ ಹಿಡಿಯಿತು. 1749ರ ಆ ಮುತ್ತಿಗೆಯಲ್ಲಿ ಹೆಸರು ಮಾಡಿದ ಸಿಪಾಯಿ ಹೈದರ್. ಮರುವರ್ಷ, 1750ರ ನವೆಂಬರ್ 20ರಂದು, ಅವನ ಮಗ ಟಿಪ್ಪು ಇಲ್ಲಿ ಹುಟ್ಟಿದ. ಮಣ್ಣಿನ ಗೋಡೆ ಕಲ್ಲಿನದಾದದ್ದು ಈ ತಂದೆ ಮಕ್ಕಳ ಕಾಲದಲ್ಲಿ. ಟಿಪ್ಪು ಊರಿಗೆ ಯೂಸುಫಾಬಾದ್ ಎಂದು ಹೊಸ ಹೆಸರಿಟ್ಟ. ಜನರ ಬಾಯಲ್ಲಿ ಅದು ನಿಲ್ಲಲಿಲ್ಲ. 1791ರಲ್ಲಿ, ಮೂರನೇ ಮೈಸೂರು ಯುದ್ಧದ ಕಾಲಕ್ಕೆ, ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ವಶ ಮಾಡಿಕೊಂಡಿತು.

ಇಷ್ಟನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ. ಬರುವ ಪ್ರವಾಸಿಗರು ಗೋಡೆಯ ಮೇಲೆ ಹತ್ತಿ ಒಂದು ಸುತ್ತು ಬಂದು, ಟಿಪ್ಪು ಹುಟ್ಟಿದ ಜಾಗದಲ್ಲಿ ನಿಲ್ಲಿಸಿರುವ ಕಂಬಗಳ ಪುಟ್ಟ ಮಂಟಪದ ಮುಂದೆ ಫೋಟೋ ತೆಗೆದುಕೊಂಡು ಹೊರಟುಹೋಗುತ್ತಾರೆ. ಗೋಡೆ ಯಾರನ್ನು ಕಾಯುವುದಕ್ಕೆ ಎದ್ದದ್ದೋ ಅವರ ಮನೆಗಳ ಕಡೆ ತಿರುಗಿ ನೋಡುವವರು ಕಡಿಮೆ. ಚಿತ್ರದುರ್ಗದ ಮೇಲುದುರ್ಗದಲ್ಲಿ ಈಗ ಯಾರೂ ಸಂಸಾರ ಮಾಡಿಕೊಂಡಿಲ್ಲ. ದೇವನಹಳ್ಳಿಯ ಕೋಟೆಯೊಳಗೆ ಮಾತ್ರ ಊರು ಇನ್ನೂ ಬದುಕುತ್ತಿದೆ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಾರೆ, ಮಕ್ಕಳು ಬ್ಯಾಗು ಹಾಕಿಕೊಂಡು ಕೋಟೆಬಾಗಿಲು ದಾಟಿ ಶಾಲೆಗೆ ಹೋಗುತ್ತವೆ, ಸಂಜೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಾರೆ. ಐನೂರು ವರ್ಷ ದಾಟಿದ ಕೋಟೆಯೊಳಗೆ ಇಷ್ಟು ಸಹಜವಾಗಿ ಜನ ಬಾಳುತ್ತಿರುವುದನ್ನು ನೋಡಿದಾಗಲೆಲ್ಲ ನನಗೆ ತುಂಬಾ ಸಂತೋಷವಾಗುತ್ತದೆ.

ಒಳಗಿನ ಬೀದಿಯಲ್ಲಿ ಮೊದಲು ಕಾಲು ನಿಲ್ಲುವುದು ವೇಣುಗೋಪಾಲಸ್ವಾಮಿ ದೇವಸ್ಥಾನದ ಮುಂದೆ. ವಿಶಾಲವಾದ ಅಂಗಳ, ಎತ್ತರದ ಗರುಡಗಂಬ. ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಕಥೆಯೂ ಕೃಷ್ಣನ ಬಾಲ್ಯದ ಆಟಗಳೂ ಸಾಲುಸಾಲಾಗಿ ಬಂದಿವೆ. ಇದು ಬೇಲೂರು ಹಳೇಬೀಡಿನ ಬಳಪದ ಕಲ್ಲಲ್ಲ, ಈ ಕಡೆಯ ಗಟ್ಟಿ ಕಲ್ಲು. ಉಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಉಬ್ಬು ತೆಳುವು. ನೆತ್ತಿಯ ಬಿಸಿಲಿನಲ್ಲಿ ನೋಡಿದರೆ ಗೋಡೆ ಸಪ್ಪಗೆ ಕಾಣುತ್ತದೆ. ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಬಿಸಿಲು ಓರೆಯಾದ ಮೇಲೆ ಬನ್ನಿ. ಅಂಚುಗಳಿಗೆಲ್ಲ ನೆರಳು ಬಿದ್ದು ಆಕೃತಿಗಳು ಗೋಡೆಯಿಂದ ಎದ್ದು ಬರುತ್ತವೆ. ಕೋಟೆಯಲ್ಲೂ ಆಸುಪಾಸಿನಲ್ಲೂ ನಂಜುಂಡೇಶ್ವರ, ಚಂದ್ರಮೌಳೇಶ್ವರ, ಸಿದ್ಧಲಿಂಗೇಶ್ವರ, ರಂಗನಾಥ, ಸರೋವರಾಂಜನೇಯ ಹೀಗೆ ಇನ್ನೂ ಗುಡಿಗಳಿವೆ. ಅವಕ್ಕೆ ಕೈಮುಗಿದು ಮುಂದೆ ಹೋಗೋಣ. ಗುಡಿಗಳನ್ನು ನೋಡಿಕೊಳ್ಳುವುದಕ್ಕೆ ಭಕ್ತರಿದ್ದಾರೆ, ಮುಜರಾಯಿ ಇದೆ. ನನಗೆ ಚಿಂತೆಯಿರುವುದು ಮನೆಗಳ ಬಗ್ಗೆ.

ದಿವಾನ್ ಪೂರ್ಣಯ್ಯನವರ ಮನೆ ಎಂದು ಊರಿನವರು ಒಂದು ಮನೆಯನ್ನು ತೋರಿಸುತ್ತಾರೆ. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಹಣಕಾಸು ನೋಡಿಕೊಂಡು, ಆಮೇಲೆ ಮುಮ್ಮಡಿ ಕೃಷ್ಣರಾಜರ ಬಾಲ್ಯದಲ್ಲಿ ರಾಜ್ಯವನ್ನೇ ನಡೆಸಿದವರು ಪೂರ್ಣಯ್ಯ. ಹೆಸರಿನ ಬಲದಿಂದ ಆ ಮನೆಯನ್ನು ಕೇಳಿಕೊಂಡು ಬರುವವರು ಇದ್ದಾರೆ. ಹೆಸರಿಲ್ಲದ ಮನೆಗಳಿಗೆ ಆ ಭಾಗ್ಯವಿಲ್ಲ. ಸಾಮಾನ್ಯ ಸಂಸಾರಗಳು, ಶಾನುಭೋಗರು, ಅರ್ಚಕರು, ವ್ಯಾಪಾರಿಗಳು, ಸಣ್ಣ ರೈತರು ತಲೆಮಾರುಗಟ್ಟಲೆ ಬಾಳಿದ ಮನೆಗಳು ಬೀದಿಯ ಎರಡೂ ಬದಿಗೆ ಇವೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ಅಂಟಿಕೊಂಡು, ನಡುನಡುವೆ ಹೊಸ ಕಾಂಕ್ರೀಟು ಮನೆಗಳು ತಲೆಯೆತ್ತಿಕೊಂಡು. ಹಳೆಯದನ್ನು ಗುರುತಿಸುವುದು ಕಷ್ಟವಲ್ಲ. ಬೀದಿಗೆ ತೆರೆದ ಜಗಲಿ, ಅದರ ಅಂಚಿಗೆ ಕಲ್ಲಿನ ಚಪ್ಪಡಿ, ಸೂರನ್ನು ಹೊತ್ತ ಮರದ ಕಂಬ, ಕಂಬದ ತಲೆಗೆ ಬೋದಿಗೆ. ದಾರಿಹೋಕರು ಯಾರನ್ನೂ ಕೇಳದೆ ಕೂತು ಸುಧಾರಿಸಿಕೊಳ್ಳಬಹುದಾದ ಜಾಗ ಈ ಜಗಲಿ. ಹೊಸ ಮನೆ ಕಟ್ಟುವವರು ಮೊದಲು ತೆಗೆಯುವುದು ಇದನ್ನೇ. ಆ ಜಾಗದಲ್ಲಿ ಕಬ್ಬಿಣದ ಗೇಟು ಬರುತ್ತದೆ, ಸ್ಕೂಟರು ನಿಲ್ಲುತ್ತದೆ.

ಅಂಥ ಒಂದು ಮನೆಯೊಳಗೆ ಹೋಗಿ ನೋಡುವ ಅವಕಾಶ ನನಗೆ ಸಿಕ್ಕಿತು. ಜಗಲಿಯ ಕಂಬವನ್ನು ನಾನು ನೋಡುತ್ತಾ ನಿಂತದ್ದನ್ನು ಕಂಡು ಮನೆಯ ಹಿರಿಯಾಕೆ, ‘ಒಳಕ್ಕೆ ಬನ್ನಿ ಸ್ವಾಮಿ, ಒಳಗಿನ್ನೂ ಚೆನ್ನಾಗೈತೆ’ ಎಂದು ಕರೆದರು. ತಗ್ಗು ಬಾಗಿಲು, ತಲೆ ಬಗ್ಗಿಸಿಯೇ ಹೋಗಬೇಕು. ಬಾಗಿಲವಾಡದ ಮೇಲೆ ಹೂವಿನ ಸಾಲು ಕೆತ್ತಿದ್ದಾರೆ. ಎಷ್ಟೋ ವರ್ಷಗಳ ಅರಿಸಿನ ಕುಂಕುಮ ಆ ಹೂವಿನ ಎಸಳುಗಳಲ್ಲಿ ಗಟ್ಟಿಯಾಗಿ ಕೂತಿದೆ. ಒಳಗೆ ಕಾಲಿಟ್ಟರೆ ನಡುವಿನಲ್ಲಿ ತೊಟ್ಟಿ, ಮೇಲೆ ಆಕಾಶ. ನಾಲ್ಕು ಕಡೆಯಿಂದಲೂ ಮಾಡು ತೊಟ್ಟಿಯೊಳಕ್ಕೆ ಇಳಿಜಾರಾಗಿದೆ. ಮಳೆ ಬಂದರೆ ನೀರು ನಾಲ್ಕು ಮೂಲೆಯಿಂದ ಇಲ್ಲಿಗೇ ಸುರಿಯಬೇಕು. ತೊಟ್ಟಿಯ ಮೂಲೆಯಲ್ಲಿ ಕಲ್ಲು ಕೊರೆದು ಬಿಟ್ಟ ಬಚ್ಚಲಗಂಡಿಯಿಂದ ಅದು ಹೊರಗಿನ ಕಾಲುವೆಗೆ ಹೋಗುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದಾಗ ಆ ಪಡಸಾಲೆಯಲ್ಲಿ ತಣ್ಣಗಿತ್ತು. ಬಿಸಿಯಾದ ಗಾಳಿ ತೊಟ್ಟಿಯಿಂದ ಮೇಲೆ ಹೋಗುತ್ತದೆ, ಬೀದಿಬಾಗಿಲಿನಿಂದಲೂ ಹಿತ್ತಲಬಾಗಿಲಿನಿಂದಲೂ ತಂಪು ಗಾಳಿ ಆ ಜಾಗಕ್ಕೆ ಬರುತ್ತದೆ. ಗೋಡೆಯ ದಪ್ಪ ಒಂದು ಮೊಳಕ್ಕಿಂತ ಹೆಚ್ಚು. ಹಗಲಿನ ಕಾವು ಅದನ್ನು ದಾಟಿ ಒಳಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ.

ಪಡಸಾಲೆಯ ಗೋಡೆಯಲ್ಲಿ ದೀಪದ ಗೂಡುಗಳು, ಒಳಮೈ ಕಪ್ಪಾಗಿ ಹೋಗಿದೆ. ನೆಲದಲ್ಲಿ ಒಂದು ಕಡೆ ಚಪ್ಪಡಿಯ ನಡುವೆ ದುಂಡಗೆ ಗುಳಿ ಬಿದ್ದಿದೆ. ಅದು ಒರಳು, ನೆಲಕ್ಕೇ ಕೂರಿಸಿದ್ದು. ಅತ್ತೆ ಸೊಸೆ ಎದುರುಬದುರು ನಿಂತು ಒನಕೆ ಹಾಕುತ್ತಿದ್ದರಂತೆ. ಅದರ ಪಕ್ಕದ ಚಪ್ಪಡಿಯ ಮೇಲೆ ಕಾಲೂರಿ ನಿಂತ ಕಡೆ ಕಲ್ಲು ನುಣುಪಾಗಿದೆ. ನಾನು ಬಗ್ಗಿ ಮುಟ್ಟಿ ನೋಡಿದೆ. ಹಿತ್ತಲಲ್ಲಿ ಸೇದುವ ಬಾವಿ, ಒಂದು ಚಕ್ಕೋತದ ಮರ. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಮಗೆ ಗೊತ್ತು. ತೋಟಗಳೆಲ್ಲ ಲೇಔಟುಗಳಾದ ಮೇಲೆ ಮರ ಉಳಿದುಕೊಂಡಿರುವ ಜಾಗಗಳಲ್ಲಿ ಇಂಥ ಹಿತ್ತಲುಗಳೂ ಸೇರಿವೆ.

ತಾರಸಿಗೆ ಹತ್ತುವ ಏಣಿಯ ಹತ್ತಿರ ನಿಂತು ಮೇಲೆ ನೋಡಿದೆ. ಮುಂದಿನ ಅರ್ಧ ಮನೆಗೆ ಮದ್ರಾಸ್ ತಾರಸಿ, ಹಿಂದಿನ ಅರ್ಧಕ್ಕೆ ಮಂಗಳೂರು ಹೆಂಚು. ಈ ಎರಡರ ಬಗ್ಗೆಯೂ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಳೆಯ ಮನೆ ಉಳಿಯುವುದೂ ಬೀಳುವುದೂ ಮಾಡಿನಿಂದಲೇ.

ಮದ್ರಾಸ್ ತಾರಸಿ ಎಂದರೆ ಗೋಡೆಯಿಂದ ಗೋಡೆಗೆ ಮರದ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತೆ, ಜಂತೆಯ ಮೇಲೆ ತೆಳುವಾದ ಇಟ್ಟಿಗೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಪದರ. ಈ ಪದರವನ್ನು ಬಡಿಯಬೇಕು. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು, ನಡುನಡುವೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಹಾಡು ಹೇಳುತ್ತಾ. ಕೊಡತಿ ಏಟಿಗೆ ಪುಟಿದು ಹಿಂದಕ್ಕೆ ಬರುವವರೆಗೂ ಕೆಲಸ ಮುಗಿಯಿತು ಎನ್ನುವಂತಿರಲಿಲ್ಲ. ಹಾಗೆ ಮಾಡಿದ ತಾರಸಿ ನೂರು ವರ್ಷ ನಿಂತಿರುವುದನ್ನು ಈ ಮನೆಗಳಲ್ಲಿ ನೋಡಬಹುದು. ಮಣ್ಣಿನ ಗೋಡೆ, ಸುಣ್ಣದ ಗಾರೆ ಎರಡೂ ತೇವವನ್ನು ಒಳಕ್ಕೆ ತೆಗೆದುಕೊಂಡು ಬಿಸಿಲಿಗೆ ಹೊರಕ್ಕೆ ಬಿಡುತ್ತವೆ. ಈಗ ಸೋರಿಕೆ ಕಂಡ ಕೂಡಲೇ ಮೇಸ್ತ್ರಿಯನ್ನು ಕರೆಸಿ ಮೇಲೊಂದು ಸಿಮೆಂಟು ಪದರ ಎಳೆಸುತ್ತಾರೆ. ಸಿಮೆಂಟು ಗಟ್ಟಿ, ಅದು ತೇವವನ್ನು ಹೊರಗೆ ಬಿಡುವುದಿಲ್ಲ. ಒಳಗೆ ಸೇರಿದ ನೀರು ಅಲ್ಲೇ ಉಳಿದು ಜಂತೆಯ ತುದಿಗಳನ್ನು ಕೊಳೆಸುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ, ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದ ಹಾಗೆ ತೊಲೆ ಕುಸಿಯುತ್ತದೆ. ದುಡ್ಡು ಖರ್ಚು ಮಾಡಿ, ಒಳ್ಳೆಯದಾಗಲೆಂದು ಮಾಡಿಸಿದ ಕೆಲಸವೇ ಮನೆಯನ್ನು ಬೀಳಿಸುತ್ತದೆ ಎಂದು ಆ ಮನೆಯವರಿಗೆ ಹೇಳುವವರು ಯಾರೂ ಇಲ್ಲ. ಇದು ನನಗೆ ಬಹಳ ನೋವು ಕೊಡುವ ವಿಷಯ.

ಇನ್ನು ಹೆಂಚು. ಆ ಹಿರಿಯಾಕೆ ಹೇಳಿದರು, ‘ಮೊದಲು ನಾಡಹೆಂಚೇ ಇದ್ದಿದ್ದು. ಇದನ್ನ ಹೊದಿಸಿದ್ದು ನಮ್ಮ ಮಾವನವರು. ರೈಲಲ್ಲಿ ಬಂತಂತೆ.’ ಆ ಮಾತನ್ನು ನಾನು ನಂಬುತ್ತೇನೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಯಂತ್ರದಲ್ಲಿ ಹೆಂಚು ಒತ್ತುವ ಕಾರ್ಖಾನೆ ತೆರೆದದ್ದು 1865ರಲ್ಲಿ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ದೇವನಹಳ್ಳಿಯ ಮೇಲೆ ಸಣ್ಣ ಗೇಜಿನ ರೈಲು ಓಡಾಡತೊಡಗಿದ್ದು 1915ರಲ್ಲಿ. ರೈಲು ಬಂದ ಊರಿಗೆ ಹೆಂಚು ಬರುವುದು ಸುಲಭವಾಯಿತು. ಹಳೆಯ ಹೆಂಚೊಂದನ್ನು ತಿರುಗಿಸಿ ನೋಡಿ, ಹೊಟ್ಟೆಯ ಕಡೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಜರ್ಮನ್ ಮಾತಾಡುವ ಪಾದ್ರಿಗಳು ತುಳುನಾಡಿನ ಮಣ್ಣಿನಲ್ಲಿ ಮಾಡಿಸಿದ ಹೆಂಚು ಮೈಸೂರು ಸೀಮೆಯ ಅರ್ಚಕರ ಮನೆಗೂ, ಮುಸಲ್ಮಾನರ ಮನೆಗೂ, ಗೌಡರ ಮನೆಗೂ ನೆರಳಾಯಿತು.

ಚಿಕ್ಕಬಳ್ಳಾಪುರದ ಆ ರೈಲು ಸಾಲಿನ ನಿಲ್ದಾಣಗಳನ್ನೂ ಈ ತಿರುಗಾಟದಲ್ಲಿ ಸೇರಿಸಿಕೊಳ್ಳಬೇಕೆಂದು ನನ್ನ ಸಲಹೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಈ ನಾಲ್ಕು ಕಡೆ ಹೆಂಚಿನ ಮಾಡಿನ ಪುಟ್ಟ ಕಟ್ಟಡಗಳು ನೂರು ವರ್ಷ ದಾಟಿವೆ. ರೈಲು ಬ್ರಾಡ್ ಗೇಜ್ ಆದ ಮೇಲೆ ಅವು ಪಾಳುಬಿದ್ದಿದ್ದವು. ಅವನ್ನು ಸರಿಪಡಿಸಿ ಉಳಿಸಲು ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ರೈಲ್ವೆಯವರ ಜೊತೆ ಸೇರಿ ಮುಂದೆ ಬಂದದ್ದು ಒಳ್ಳೆಯ ಸುದ್ದಿ. ದೊಡ್ಡ ಅರಮನೆಗಳಿಗೆ ಸಿಗುವ ಗಮನ ಒಂದು ಚಿಕ್ಕ ರೈಲು ನಿಲ್ದಾಣಕ್ಕೂ ಸಿಗಬಹುದು ಎನ್ನುವುದಕ್ಕೆ ಅದು ಸಾಕ್ಷಿ.

ಹೆಂಚಿನ ಮಾತಿನಲ್ಲಿ ಕ್ರೈಸ್ತ ಪಾದ್ರಿಗಳ ವಿಷಯ ಬಂದದ್ದರಿಂದ ಒಂದು ಮಾತು. ಹದಿನೆಂಟನೇ ಶತಮಾನದ ಆರಂಭದಲ್ಲೇ ತೆಲುಗು ಸೀಮೆಯ ಕಡೆಯಿಂದ ಬಂದ ಫ್ರೆಂಚ್ ಜೆಸ್ವಿಟ್ ಪಾದ್ರಿಗಳು ದೇವನಹಳ್ಳಿ, ಹೊಸಕೋಟೆ, ಚಿಕ್ಕಬಳ್ಳಾಪುರಗಳಲ್ಲಿ ಕೆಲಸ ಮಾಡಿದ್ದರು. ಟಿಪ್ಪು ಹುಟ್ಟುವುದಕ್ಕೂ ಹಿಂದಿನ ಮಾತಿದು. ಇಂದಿಗೂ ದೇವನಹಳ್ಳಿ ತಾಲ್ಲೂಕಿನ ಗಂಗವಾರ ಚೌಡಪ್ಪನಹಳ್ಳಿಯಲ್ಲಿ ಕನ್ನಡ ಮಾತಾಡುವ, ಹೊಲ ಉಳುವ ಕಥೋಲಿಕ ಕುಟುಂಬಗಳಿವೆ. ಅದೇ ಗಂಗವಾರದಲ್ಲಿ ಹಳೆಯ ಸೋಮೇಶ್ವರ ದೇವಾಲಯವೂ ಇದೆ. ಒಂದೇ ದಾರಿಯಲ್ಲಿ ಎರಡನ್ನೂ ನೋಡಬಹುದು.

ಈಗ ಮತ್ತೆ ಕೋಟೆಯೊಳಕ್ಕೆ ಬರೋಣ. ಹೊರಡುವಾಗ ನಾನು ಆ ಹಿರಿಯಾಕೆಯನ್ನು ಕೇಳಿದೆ, ‘ಮನೆಯನ್ನ ಮುಂದೆ ಯಾರು ನೋಡ್ಕೋತಾರಮ್ಮ?’ ಅವರು ಕಂಬಕ್ಕೆ ಒರಗಿಕೊಂಡು ಹೇಳಿದರು: ‘ಮಕ್ಕಳು ಬೆಂಗ್ಳೂರಲ್ಲವ್ರೆ ಸ್ವಾಮಿ. ಬಾಡಿಗೆಗೆ ಕೊಡಾಣ ಅಂದ್ರೆ ಹಳೇಮನೆ ಅಂತ ಯಾರೂ ಬರಲ್ಲ. ಕೆಡವಿ ಕಟ್ಟಾಣ ಅಂದ್ರೆ ಪರ್ಮಿಷನ್ ಕೊಡಲ್ಲ. ನಾನಿರೋಗಂಟ ಇರ್ತೈತೆ.’

ಅವರು ಹೇಳಿದ ಪರ್ಮಿಷನ್ನಿನ ಸಂಗತಿ ಹೀಗಿದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಇರುವ ಮನೆಯ ದುರಸ್ತಿಗೆ ಅನುಮತಿ ಪಡೆಯಬಹುದು, ಆದರೆ ಅರ್ಜಿ, ನಕ್ಷೆ, ಅಲೆದಾಟ. 20 ಎಕರೆಯ ಕೋಟೆಯಲ್ಲಿ ಗೋಡೆಯಿಂದ ಒಳಕ್ಕೆ 100 ಮೀಟರು ಅಳೆದರೆ ಎಷ್ಟು ಮನೆ ಹೊರಗುಳಿದೀತು? ಕಾನೂನು ಬೇಕು, ಅದಿಲ್ಲದಿದ್ದರೆ ಕೋಟೆಯ ಗೋಡೆಗೆ ಅಂಟಿಕೊಂಡು ಇಷ್ಟು ಹೊತ್ತಿಗೆ ಅಪಾರ್ಟ್‌ಮೆಂಟುಗಳು ಎದ್ದಿರುತ್ತಿದ್ದವು. ಆದರೆ ಈ ಕಾನೂನಿನ ಕಣ್ಣಿಗೆ ಬೀಳುವುದು ಗೋಡೆ ಮಾತ್ರ. ಗೋಡೆಯ ಒಂದು ಕಲ್ಲು ಕಿತ್ತರೆ ಅಪರಾಧ. ಇನ್ನೂರು ವರ್ಷದ ತೊಟ್ಟಿಮನೆ ತಾನಾಗಿ ಕುಸಿದರೆ ಯಾವ ದಾಖಲೆಗೂ ಬರುವುದಿಲ್ಲ. ಮನೆಯವರಿಗೆ ಕಟ್ಟುವ ಸ್ವಾತಂತ್ರ್ಯ ಇಲ್ಲ, ಉಳಿಸಿಕೊಳ್ಳುವುದಕ್ಕೆ ಸಹಾಯವೂ ಇಲ್ಲ. ಇದು ಅನ್ಯಾಯ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಸಮಾಜಕ್ಕೆ ಬೇಕೆಂದು ಒಬ್ಬರ ಕೈ ಕಟ್ಟಿದ ಮೇಲೆ ಅವರ ಮಾಡಿನ ಖರ್ಚಿನಲ್ಲಿ ಒಂದು ಪಾಲನ್ನು ಸಮಾಜ ಹೊರಬೇಕು.

ಬೇರೆ ಕಡೆ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನ್ಯಾಚೆಜ್ ಎಂಬ ಸಣ್ಣ ಊರಿದೆ. 1932ರಲ್ಲಿ, ಆರ್ಥಿಕ ಕುಸಿತದಿಂದ ಆ ದೇಶ ತತ್ತರಿಸುತ್ತಿದ್ದಾಗ, ಅಲ್ಲಿನ ಹೆಂಗಸರ ಸಂಘದವರು ಹಳೆಯ ಮನೆಗಳ ಬಾಗಿಲು ತೆರೆದು ಟಿಕೆಟ್ ಇಟ್ಟು ಜನರಿಗೆ ತೋರಿಸಿದರು. ಅದು ವರ್ಷವರ್ಷದ ಯಾತ್ರೆಯಾಗಿ ಬೆಳೆಯಿತು, ಅದರ ಹಣದಲ್ಲಿ ಮನೆಗಳ ದುರಸ್ತಿ ನಡೆಯಿತು. ಫ್ರಾನ್ಸಿನಲ್ಲಿ 1984ರಿಂದ ಸೆಪ್ಟೆಂಬರ್ ತಿಂಗಳಲ್ಲಿ ಹಳೆಯ ಕಟ್ಟಡಗಳನ್ನು, ಉಳಿದ ದಿನ ಬಾಗಿಲು ಹಾಕಿರುವಂಥವನ್ನೂ, ಸಾರ್ವಜನಿಕರಿಗೆ ತೆರೆಯುತ್ತಾರೆ. ಈಗ ಯೂರೋಪಿನ ತುಂಬ ಆ ಪದ್ಧತಿ ಇದೆ. ಆದರೆ ನ್ಯಾಚೆಜ್‌ನ ಕಥೆಯಲ್ಲಿ ಇನ್ನೊಂದು ಮಗ್ಗುಲೂ ಇದೆ. ಹತ್ತಿ ತೋಟಗಳಲ್ಲಿ ದುಡಿದ ಗುಲಾಮರ ಬೆವರಿನಿಂದ ಎದ್ದ ಮನೆಗಳವು. ಬಹಳ ಕಾಲ ಆ ಯಾತ್ರೆಯಲ್ಲಿ ಯಜಮಾನರ ವೈಭವವನ್ನು ಮಾತ್ರ ಹೇಳುತ್ತಿದ್ದರು. ನಾವು ಆ ತಪ್ಪನ್ನು ಶುರುವಿನಲ್ಲೇ ಬಿಟ್ಟುಬಿಡಬೇಕು. ಕೋಟೆಯ ಮನೆಗಳನ್ನು ತೋರಿಸುವಾಗ ಕಲ್ಲು ಒಡೆದ ಭೋವಿಗಳು, ಇಟ್ಟಿಗೆ ಹೆಂಚು ಸುಟ್ಟ ಕುಂಬಾರರು, ಸುಣ್ಣ ಸುಟ್ಟವರು, ತಾರಸಿ ಬಡಿದ ಹೆಂಗಸರು, ಬಾಗಿಲವಾಡ ಕೆತ್ತಿದ ಆಚಾರಿಗಳು ಇವರ ಕಥೆಯನ್ನೂ ಹೇಳಬೇಕು. ಕೋಟೆಯ ಹೊರಗಿನ ಕೇರಿಗಳಲ್ಲಿದ್ದವರು ಒಳಗೆ ಯಾವ ಬಾಗಿಲಿನವರೆಗೆ ಬರಬಹುದಿತ್ತು ಎಂಬುದನ್ನೂ ಹೇಳಬೇಕು.

ದೇವನಹಳ್ಳಿಯ ಮಾತು ಹೇಳಿದೆ. ಜಿಲ್ಲೆಯ ಬೇರೆ ಊರುಗಳಲ್ಲೂ ನೋಡುವುದಕ್ಕಿದೆ. ದೊಡ್ಡಬಳ್ಳಾಪುರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ನೇಕಾರರ ಮನೆ. ಅಲ್ಲಿ ಮನೆಯನ್ನು ಅಳೆಯುವುದೇ ಮಗ್ಗದಿಂದ. ಗುಂಡಿಮಗ್ಗದ ಕಾಲದಲ್ಲಿ ನೆಲ ತೋಡಿ ಕಾಲು ಇಳಿಬಿಟ್ಟು ಕೂರುತ್ತಿದ್ದರು, ಬೆಳಕು ನೂಲಿನ ಮೇಲೆ ಬೀಳುವ ಹಾಗೆ ಕಿಟಕಿ ಇಡುತ್ತಿದ್ದರು. ಈಗ ವಿದ್ಯುತ್ ಮಗ್ಗ. ಬೀದಿಯಲ್ಲಿ ನಡೆದರೆ ಒಂದೊಂದು ಮನೆಯೊಳಗಿಂದಲೂ ಅದರ ಸದ್ದು. ಆ ಊರಿನಲ್ಲಿ ಅಬ್ಬಾಸ್ ಕುಲಿ ಖಾನ್ ಕಟ್ಟಿಸಿದ, ಮೊಹರಂ ಆಚರಿಸುವ ಆಶುರ್ ಖಾನಾ ಇದೆ. ತಂದೆ ಸತ್ತ ಮೇಲೆ ಬಾಲಕ ಹೈದರನನ್ನೂ ಅವನ ಅಣ್ಣನನ್ನೂ ಇದೇ ಅಬ್ಬಾಸ್ ಕುಲಿ ಖಾನ್ ನಗಾರಿಯೊಳಗೆ ಹಾಕಿಸಿ ಹಿಂಸಿಸಿದ ಎಂದು ಚರಿತ್ರೆಕಾರ ಕಿರ್ಮಾಣಿ ಬರೆದಿದ್ದಾನೆ. ದೇವನಹಳ್ಳಿಯ ಪಕ್ಕದ ವಿಜಯಪುರ, ಹಿಂದಿನ ವಡಿಗೇನಹಳ್ಳಿ, ನಗರ್ತ ವ್ಯಾಪಾರಿಗಳ ಊರು; ಅಂಗಡಿಯೂ ಮನೆಯೂ ಒಂದೇ ಸೂರಿನಡಿ ಇರುವ ಮಾದರಿಯನ್ನು ಅಲ್ಲಿ ನೋಡಬೇಕು. ಹೊಸಕೋಟೆಯಲ್ಲಿ ಸುಗಟೂರು ತಮ್ಮೇಗೌಡನ ಕಾಲದ ದೊಡ್ಡ ಕೆರೆ, ಅವಿಮುಕ್ತೇಶ್ವರ ದೇವಸ್ಥಾನ. ನೆಲಮಂಗಲದ ಬಿನ್ನಮಂಗಲದಲ್ಲಿ ಚೋಳರ ಕಾಲದ ಮುಕ್ತಿನಾಥೇಶ್ವರ, ಇನ್ನೂ ಮುಂದೆ ಗಂಗರು ಆಳಿದ ಮಣ್ಣೆ. ಇವುಗಳಿಗೆಲ್ಲ ಬೇರೆ ಬೇರೆ ಭಾಷಣವೇ ಬೇಕು.

ದೇವನಹಳ್ಳಿಗೆ ಹೋದವರು ಹತ್ತಿರದ ನಲ್ಲೂರಿನ ಹುಣಿಸೆ ತೋಪನ್ನು ಮಾತ್ರ ಬಿಡಬೇಡಿ. ಸುಮಾರು 54 ಎಕರೆಯಲ್ಲಿ ಶತಮಾನಗಳ ವಯಸ್ಸಿನ ಹುಣಿಸೆ ಮರಗಳು, ನಡುವೆ ಪಾಳುಬಿದ್ದ ಚೆನ್ನಕೇಶವ ದೇವಾಲಯ. 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸರ್ಕಾರ ಘೋಷಿಸಿತು. ದೇಶದಲ್ಲೇ ಆ ಮನ್ನಣೆ ಮೊದಲು ಸಿಕ್ಕಿದ್ದು ಈ ತೋಪಿಗೆ. ಮರಗಳ ಗುಂಪಿಗೆ ಇಂಥ ರಕ್ಷಣೆ ಕೊಡಲು ನಮ್ಮ ಸರ್ಕಾರಕ್ಕೆ ಸಾಧ್ಯವಾದರೆ ಮನೆಗಳ ಬೀದಿಗೂ ಕೊಡಲು ಸಾಧ್ಯ. ಮನೆಗಳ ಉಳಿವಿನಲ್ಲಿ ಊರು ಬಿಟ್ಟು ಹೋದವರ ಪಾಲೂ ಇದೆ. ಕವಿ ಡಿ.ವಿ.ಜಿ.ಯವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, ಅವರ ಹೆಸರಿನ ಮೊದಲಕ್ಷರ ಮಾತ್ರ ದೇವನಹಳ್ಳಿಯದು. ಹೀಗೆ ಊರಿನ ಹೆಸರನ್ನು ಹೊತ್ತುಕೊಂಡು ಹೊರಗೆ ಹೋದ ಮನೆತನಗಳು ನೂರಾರು. ಬೆಂಗಳೂರಿನಲ್ಲೂ ಹೊರದೇಶದಲ್ಲೂ ಇರುವ ಅಂಥವರು ಈ ಮಾತು ಕೇಳುತ್ತಿದ್ದರೆ, ಅಜ್ಜನ ಮನೆ ಈಗ ಹೇಗಿದೆ ಎಂದು ಒಮ್ಮೆ ಬಂದು ನೋಡಿ. ಪಾಲು ಹಂಚಿಕೆಯಾಗದೆ ಬೀಗ ಬಿದ್ದ ಮನೆ ಬೀಳುವಷ್ಟು ಬೇಗ ಜನ ಇರುವ ಮನೆ ಬೀಳುವುದಿಲ್ಲ.

ಪುರಸಭೆಯವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಕೋಟೆಯೊಳಗಿನ ಹಳೆಯ ಮನೆಗಳನ್ನು ಒಂದೊಂದಾಗಿ ಗುರುತು ಮಾಡಿಸಿ, ಅಳತೆ ತೆಗೆಸಿ, ನಕ್ಷೆ ಇಟ್ಟುಕೊಳ್ಳಲಿ. ಬೆಂಗಳೂರಿನಲ್ಲಿ ವಾಸ್ತುಶಿಲ್ಪ ಕಲಿಯುವ ಹುಡುಗ ಹುಡುಗಿಯರನ್ನು ಕರೆದರೆ ಸಂತೋಷದಿಂದ ಬಂದು ಬರೆದುಕೊಡುತ್ತಾರೆ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳಿಂದ ಈಗಿನವರಿಗೆ ಆ ಕೆಲಸ ಕಲಿಸುವ ಏರ್ಪಾಡಾಗಲಿ. ವರ್ಷಕ್ಕೊಂದು ದಿನ, ಮನೆಯವರ ಒಪ್ಪಿಗೆ ಇರುವ ಕಡೆ, ಬಾಗಿಲು ತೆರೆಯಲಿ. ಬಂದವರಿಂದ ಸಿಕ್ಕ ದುಡ್ಡು ಆಯಾ ಮನೆಯ ಮಾಡಿಗೇ ಹೋಗಲಿ.

ನೀವು ಹೋಗುವುದಾದರೆ ದೇವನಹಳ್ಳಿಗೆ ಬೆಂಗಳೂರಿನಿಂದ ಬಸ್ಸೂ ಇದೆ, ರೈಲೂ ಇದೆ. ಕಾರನ್ನು ಕೋಟೆಯ ಹೊರಗೆ ಬಿಟ್ಟು ನಡೆದುಕೊಂಡೇ ಹೋಗಿ. ಹೊಸ್ತಿಲ ಹೊರಗೆ ನಿಂತು ಕೇಳಿ. ಕರೆದರೆ ಒಳಗೆ ಹೋಗಿ, ಇಲ್ಲದಿದ್ದರೆ ಜಗಲಿ ನೋಡಿಕೊಂಡು ಮುಂದಕ್ಕೆ ನಡೆಯಿರಿ. ಫೋಟೋ ತೆಗೆಯುವ ಮೊದಲು ಒಂದು ಮಾತು ಕೇಳಿ. ಇನ್ನು ಕೇಳುಗರಲ್ಲಿ ಹಳೆಯ ಮನೆಯಲ್ಲೇ ಇರುವವರಿಗೆ ನನ್ನ ವಿನಂತಿ: ಮಳೆಗಾಲ ಬರುವ ಮೊದಲು ಹೆಂಚು ಕೈಯಾಡಿಸಿ, ಒಡೆದದ್ದನ್ನು ಬದಲಾಯಿಸಿ, ತೊಟ್ಟಿಯ ಬಚ್ಚಲಗಂಡಿಯಲ್ಲಿ ಕಸ ಕಟ್ಟಿದ್ದರೆ ತೆಗೆಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದ ಹಾಗೆ ಕಾಲುವೆ ಬಿಡಿಸಿ. ತಾರಸಿ ಸೋರುತ್ತಿದ್ದರೆ ಸಿಮೆಂಟಿಗೆ ಮುಂಚೆ ಸುಣ್ಣದ ಕೆಲಸ ಬಲ್ಲ ಒಬ್ಬರನ್ನು ಕರೆಸಿ ತೋರಿಸಿ.